ತಂತಿಯ ತುದಿ: ವಿದ್ಯುಜ್ಜಾಲದ ಬಂಡವಾಳವೂ ಅದರ ನಿಯಂತ್ರಣವೂ

ಮಸ್ಕಿಯಿಂದ ಸಿಂಧನೂರಿನ ಕಡೆಗೆ ಸಾಗುವ ಹೆದ್ದಾರಿಯನ್ನು ಬಿಟ್ಟು ಎರೆಭೂಮಿಯೊಳಕ್ಕೆ ಒಂದೆರಡು ಮೈಲಿ ನಡೆದರೆ, ಹಳ್ಳದ ದಂಡೆಯ ಗದ್ದೆಗಳ ನಡುವೆ, ಜೋಡಿಕಂಬದ ಮೇಲೆ ಏರಿಸಿಟ್ಟ ಬೂದುಬಣ್ಣದ ಕಬ್ಬಿಣದ ಪೆಟ್ಟಿಗೆಯೊಂದು ಕಣ್ಣಿಗೆ ಬೀಳುತ್ತದೆ. ಊರವರು ಆ ಟ್ರಾನ್ಸ್‌ಫಾರ್ಮರನ್ನು ಟಿ.ಸಿ. ಎನ್ನುವರು. ಅದರ ಹೊಟ್ಟೆಯ ಕೆಳಗೆ ಎಣ್ಣೆ ಜಿನುಗಿ ಕರಿಗಟ್ಟಿದ ಕಲೆಯಿದೆ. ಫ್ಯೂಜು ಇರಬೇಕಾದ ಎಡೆಯಲ್ಲಿ ಹೊಸೆದು ಬಿಗಿದ ತಂತಿಯ ಎಳೆಗಳಿವೆ. 63 ಕೆ.ವಿ.ಎ. ಎಂಬುದು ಅದರ ಅಳತೆ. ಐದು ಅಶ್ವಶಕ್ತಿಯ ಪಂಪೊಂದು ತಿರುಗುವಾಗ ಸುಮಾರು ಆರು ಕೆ.ವಿ.ಎ. ಹೀರುವುದೆಂದು ಹಿಡಿದರೆ, ಹತ್ತು ಪಂಪುಗಳ ಭಾರವನ್ನು ಹೊರುವ ಶಕ್ತಿ ಆ ಪೆಟ್ಟಿಗೆಗೆ ಉಂಟು. ಆದರೆ ಕಾಲುವೆಯ ನೀರು ಕೊನೆಯ ತೂಬನ್ನು ಮುಟ್ಟದೆ, ನೆಲ್ಲು ಹಾಲುಗಾಳಿನಲ್ಲಿ ನಿಂತಿರುವ ಬೇಸಗೆಯ ಆರಂಭದಲ್ಲಿ, ಮೂರು ಫೇಸಿನ ಕರೆಂಟು ಬಂದ ಕ್ಷಣಕ್ಕೆ ಆಟೋ ಸ್ಟಾರ್ಟರುಗಳ ಕೃಪೆಯಿಂದ ಹದಿನೈದು ಹದಿನಾರು ಪಂಪುಗಳು ಒಂದೇ ಉಸಿರಿಗೆ ಎದ್ದು ತಿರುಗತೊಡಗುತ್ತವೆ. ವೋಲ್ಟೇಜು ಕುಸಿಯುತ್ತದೆ, ಕುಸಿದಷ್ಟೂ ಮೋಟಾರು ಹೆಚ್ಚು ಕರೆಂಟನ್ನು ಎಳೆಯುತ್ತದೆ, ಎಳೆದಷ್ಟೂ ಪೆಟ್ಟಿಗೆಯೊಳಗಿನ ಸುರುಳಿ ಕಾಯುತ್ತದೆ. ಒಂದು ರಾತ್ರಿ, ಟಾರ್ಚು ಹಿಡಿದು ಬದುವಿನ ಮೇಲೆ ಕುಳಿತಿದ್ದ ರೈತರ ಎದುರಿನಲ್ಲಿಯೇ, ಅದು ಒಮ್ಮೆ ಗುಡುಗಿ ನಿಶ್ಶಬ್ದವಾಗುತ್ತದೆ. "ಟಿ.ಸಿ. ಸುಟ್ಟೈತ್ರಿ" ಎಂಬ ಮಾತು ಬೆಳಗಿನೊಳಗೆ ಊರೆಲ್ಲ ಹಬ್ಬಿರುತ್ತದೆ. ಮನೆಗಿಷ್ಟೆಂದು ಪಟ್ಟಿ ಹಾಕಿ ಹಣ ಕೂಡಿಸಿ, ಸುಟ್ಟ ಪೆಟ್ಟಿಗೆಯನ್ನು ಟ್ರ್ಯಾಕ್ಟರಿನ ಮೇಲೆ ಹೇರಿಕೊಂಡು ದುರಸ್ತಿಯ ಕೇಂದ್ರಕ್ಕೆ ಹೋಗಿ, ಬದಲಿ ದೊರೆಯುವ ತನಕ ಕಾಯುವ ದಿನಗಳಲ್ಲಿ ಗದ್ದೆ ಬಿರುಕು ಬಿಡುತ್ತದೆ.

ಆ ಹೊಲದಲ್ಲಿ ಇನ್ನೊಂದು ಪೆಟ್ಟಿಗೆ ಬೇಕೆಂದು ಯಾರು ನಿರ್ಣಯಿಸತಕ್ಕವರು? ಅದಕ್ಕೆ ಹಾಕುವ ಹಣ ಯಾರದು? ಹಾಕಿದವರಿಗೆ ದೊರೆಯಬೇಕಾದ ಪ್ರತಿಫಲವೆಷ್ಟು? ಬೇಡದ ಕಡೆ ಹಾಕಿ ಬೇಕಾದ ಕಡೆ ಬಿಟ್ಟುದಾದರೆ ಅವರನ್ನು ಕೇಳುವವರು ಯಾರು? ವಿದ್ಯುಜ್ಜಾಲದ ಬಂಡವಾಳದ ನಿಯಂತ್ರಣವೆಂದು ಅರ್ಥಶಾಸ್ತ್ರಜ್ಞರೂ ನ್ಯಾಯವೇತ್ತರೂ ಶತಮಾನಕ್ಕೂ ಮಿಕ್ಕು ವಾದಿಸುತ್ತ ಬಂದಿರುವ ಮಹಾಪ್ರಶ್ನೆಯು, ಅದರ ಪರಿಭಾಷೆಯ ಹೊದಿಕೆಯನ್ನು ಸರಿಸಿ ನೋಡಿದರೆ, ಈ ನಾಲ್ಕು ಪ್ರಶ್ನೆಗಳೇ ಆಗಿವೆ. ಆ ವಾದದ ಸಮಗ್ರ ಚಿತ್ರವನ್ನು ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ನೆಲದ ಮೇಲೆ ನಿಂತು ಬಿಡಿಸುವುದು ಈ ಲೇಖನದ ಉದ್ದೇಶ.

ಪ್ರಶ್ನೆ ಹುಟ್ಟುವ ಬಗೆ

ಸಂತೆಯಲ್ಲಿ ಜೋಳ ಮಾರುವವನು ಬೆಲೆ ಏರಿಸಿದರೆ ಪಕ್ಕದವನ ಬಳಿಗೆ ಹೋಗಬಹುದು. ತಂತಿಯ ವಿಷಯದಲ್ಲಿ ಆ ದಾರಿ ಇಲ್ಲ. ಒಂದೇ ಬೀದಿಯಲ್ಲಿ ಎರಡು ಸಾಲು ಕಂಬ ನೆಡುವುದು ಸಮಾಜಕ್ಕೆ ದುರ್ವ್ಯಯ. ಒಂದೇ ಸಾಲು ಇರುವಲ್ಲಿ ಅದರ ಒಡೆಯನಿಗೆ ಎದುರಾಳಿಯಿಲ್ಲ. ಸ್ವಭಾವಸಿದ್ಧವಾದ ಈ ಏಕಸ್ವಾಮ್ಯದ ಜೊತೆಗೆ ಇನ್ನೊಂದು ತೊಡಕು ಸೇರಿದೆ: ತಂತಿಗೆ ಹಾಕಿದ ಹಣ ಮೂವತ್ತು ವರ್ಷ ನೆಲದಲ್ಲಿ ಹೂತಿರುತ್ತದೆ, ಅದನ್ನು ಕಿತ್ತು ಬೇರೆಡೆಗೆ ಒಯ್ಯಲು ಬಾರದು. ಆದುದರಿಂದ ಬಳಕೆದಾರನು ಒಡೆಯನಿಗೆ ಹೆದರುವಂತೆಯೇ ಒಡೆಯನೂ, ಹಣ ಹೂತ ಮೇಲೆ ದರ ಇಳಿಸಿಬಿಡಬಲ್ಲ ಸರಕಾರಕ್ಕೆ ಹೆದರುತ್ತಾನೆ. ಈ ಎರಡು ಭಯಗಳ ನಡುವೆ ಮಧ್ಯಸ್ಥನಾಗಿ ನಿಂತವನೇ ನಿಯಂತ್ರಕ.

ಚಿನ್ನದ ಗಣಿಯಿಂದ ಪಂಪ್‌ಸೆಟ್ಟಿನವರೆಗೆ

ನಮ್ಮ ನಾಡಿನ ಮೊದಲ ದೊಡ್ಡ ವಿದ್ಯುತ್ ಮಾರ್ಗಕ್ಕೆ ಬಂಡವಾಳ ದೊರೆತ ಬಗೆಯನ್ನು ನೆನೆಯುವುದು ಇಲ್ಲಿ ಪ್ರಯೋಜನಕರ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಸಂಕಲ್ಪಿತವಾಗಿ 1902ರಲ್ಲಿ ಚಾಲನೆಗೊಂಡ ಶಿವನಸಮುದ್ರದ ಯೋಜನೆಯಲ್ಲಿ, ಮೈಸೂರು ಸರಕಾರವು 92 ಮೈಲಿಗಳ ದೂರ ತಂತಿ ಎಳೆದುದು ಊರಿನ ದೀಪಕ್ಕಾಗಿ ಅಲ್ಲ, ಕೋಲಾರದ ಚಿನ್ನದ ಗಣಿಗಳಿಗಾಗಿ; ಬೆಂಗಳೂರಿಗೆ ಬೆಳಕು ಬಂದುದು ಮೂರು ವರ್ಷಗಳ ಅನಂತರ, 1905ರಲ್ಲಿ. ಗಣಿಯ ಕಂಪನಿಗಳು ವಿದ್ಯುತ್ತನ್ನು ಕೊಳ್ಳುವ ಕರಾರಿಗೆ ಸಹಿ ಹಾಕಿದ್ದುದರಿಂದ ಹೂಡಿದ ಹಣ ಮರಳಿ ಬರುವ ಭರವಸೆ ಮೊದಲೇ ಇತ್ತು. ನಿಯಂತ್ರಕನ ಅಗತ್ಯವೇ ಬೀಳಲಿಲ್ಲ. ಲಿಂಗಸುಗೂರು ಸೀಮೆಯ ಭಾಗ್ಯ ಬೇರೆಯಾಯಿತು. ಇಲ್ಲಿಯೂ ಚಿನ್ನವಿತ್ತು, ಆ ಚಿನ್ನವನ್ನು ಅರಸುತ್ತ ಅಲೆಯುತ್ತಿದ್ದ ಎಂಜಿನಿಯರ್ ಬೀಡನ್ ಎಂಬಾತನಿಗೇ 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರುಳ್ಳ ಶಾಸನ ದೊರೆತುದು. ಆದರೆ ಇಲ್ಲಿನ ಹಟ್ಟಿಯ ಗಣಿ 1920ರ ಸುಮಾರಿಗೆ ಮುಚ್ಚಿ, 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿ ಸ್ಥಾಪಿತವಾದ ಮೇಲೆಯೇ ಅದಕ್ಕೆ ಪುನರ್ಜೀವ ಬಂತು. ಮೈಸೂರಿನ ಜಾಲ ವಿಸ್ತರಿಸುತ್ತಿದ್ದ ದಶಕಗಳಲ್ಲಿ ನಿಜಾಮರ ಆಳ್ವಿಕೆಯ ಈ ಸೀಮೆಯಲ್ಲಿ ತಂತಿಯ ಖರ್ಚನ್ನು ಹೊರಬಲ್ಲ ಅಂತಹ ನಿಶ್ಚಿತ ಗ್ರಾಹಕನೊಬ್ಬನಿರಲಿಲ್ಲ. 1956ರಲ್ಲಿ ರಾಯಚೂರು ಜಿಲ್ಲೆ ವಿಶಾಲ ಮೈಸೂರಿಗೆ ಸೇರಿದಾಗ, ಎರಡು ಭಿನ್ನ ಪ್ರಾಯದ ಜಾಲಗಳು ಒಂದೇ ಸಂಸಾರದಲ್ಲಿ ಕೂಡಿದವು. ಆ ವಯೋಭೇದದ ಗುರುತು ಇನ್ನೂ ಪೂರ್ತಿಯಾಗಿ ಅಳಿದಿಲ್ಲವೆಂದೇ ನನ್ನ ತಿಳಿವಳಿಕೆ.

ಸ್ವಾತಂತ್ರ್ಯಾನಂತರದ ದಾರಿಯನ್ನು ನಿರ್ಧರಿಸಿದ್ದು 1948ರ ವಿದ್ಯುತ್ ಸರಬರಾಜು ಕಾಯಿದೆ. ಖಾಸಗಿ ಪರವಾನಗಿದಾರರಿಗೆ 'ನ್ಯಾಯವಾದ ಪ್ರತಿಫಲ'ವೆಂಬ ಮಿತಿಯನ್ನು ಅದು ವಿಧಿಸಿತು. ಉಳಿದ ಹೊಣೆಯನ್ನು ರಾಜ್ಯ ವಿದ್ಯುತ್ ಮಂಡಳಿಗಳ ಹೆಗಲಿಗೆ ಹಾಕಿತು. ಅದರಂತೆ 1957ರಲ್ಲಿ ನಮ್ಮ ಮಂಡಳಿ ಹುಟ್ಟಿತು, 'ಕೆ.ಇ.ಬಿ.' ಎಂಬ ಹೆಸರು ಇಂದಿಗೂ ಹಳ್ಳಿಯ ಬಾಯಿಯಿಂದ ಹೋಗಿಲ್ಲ. 1969ರಲ್ಲಿ ಗ್ರಾಮೀಣ ವಿದ್ಯುದೀಕರಣ ನಿಗಮ ಸ್ಥಾಪಿತವಾಗಿ ಹಳ್ಳಿಗಳ ಕಡೆಗೆ ಸಾಲದ ಹಣ ಹರಿಯಿತು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಮುನಿರಾಬಾದಿನ ಯಂತ್ರಗಳನ್ನು ತಿರುಗಿಸಿ ಮುಂದೆ ಹರಿದು ಸಿಂಧನೂರನ್ನು ಭತ್ತದ ಕಣಜವನ್ನಾಗಿ ಮಾಡಿತು. 1985ರಲ್ಲಿ ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಉರಿಯತೊಡಗಿ, ಮುಂದೆ ಎಂಟು ಘಟಕಗಳಾಗಿ, 1,720 ಮೆಗಾವ್ಯಾಟ್‌ಗಳಿಗೆ ಬೆಳೆಯಿತು. ಉತ್ಪಾದನೆಗೆ ಕೊರತೆಯಿಲ್ಲದ ಜಿಲ್ಲೆ ಇದು. ಕೊರತೆ ಇದ್ದುದು ಉತ್ಪಾದನೆಗೂ ಪಂಪಿಗೂ ನಡುವಣ ತಂತಿಯಲ್ಲಿ.

1999ರಲ್ಲಿ ಕರ್ನಾಟಕ ವಿದ್ಯುತ್ ಸುಧಾರಣಾ ಕಾಯಿದೆ ಜಾರಿಗೆ ಬಂದು ಮಂಡಳಿಯು ಕೆ.ಪಿ.ಟಿ.ಸಿ.ಎಲ್. ಎಂಬ ನಿಗಮವಾಯಿತು, ಅದೇ ವರ್ಷದ ನವೆಂಬರಿನಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಕಾರ್ಯಾರಂಭ ಮಾಡಿತು. 2002ರ ಜೂನಿನಲ್ಲಿ ವಿತರಣೆಯ ಕೆಲಸ ಬೇರ್ಪಟ್ಟು, ಕಲಬುರಗಿಯನ್ನು ಕೇಂದ್ರವಾಗಿ ಉಳ್ಳ ಜೆಸ್ಕಾಂ ಎಂಬ ವಿತರಣಾ ಕಂಪನಿ ಈ ಸೀಮೆಯ ಹೊಣೆ ಹೊತ್ತಿತು. 2003ರ ಕೇಂದ್ರ ವಿದ್ಯುತ್ ಕಾಯಿದೆಯು ಈ ವ್ಯವಸ್ಥೆಗೆ ದೇಶವ್ಯಾಪಿ ಚೌಕಟ್ಟನ್ನು ಕೊಟ್ಟಿತು. ಅಂದಿನಿಂದ, ಒಂದು ಉಪಕೇಂದ್ರವಾಗಲಿ ಅದರಿಂದ ಹೊರಡುವ ಒಂದು ಫೀಡರ್ ಮಾರ್ಗವಾಗಲಿ ಎದ್ದರೆ ಅದರ ವೆಚ್ಚವು ದರಕ್ಕೆ ಸೇರಬೇಕೋ ಬೇಡವೋ ಎಂಬ ವಿಚಾರ ಆಯೋಗದ ಮುಂದೆ ಬರುತ್ತದೆ.

ವೆಚ್ಚವೂ ನ್ಯಾಯಲಾಭವೂ

ಚಿಂತನಪಂಥಗಳಲ್ಲಿ ಅತ್ಯಂತ ಹಳೆಯದೂ ಇಂದಿಗೂ ನಮ್ಮಲ್ಲಿ ಬಳಕೆಯಲ್ಲಿರುವುದೂ ಆದುದು, ವೆಚ್ಚವನ್ನು ಎಣಿಸಿ ಅದರ ಮೇಲೆ ನ್ಯಾಯವಾದ ಲಾಭ ಕೊಡುವ ಕ್ರಮ. ಇದರ ಬೇರು ಅಮೆರಿಕದಲ್ಲಿದೆ. ಷಿಕಾಗೋದ ವಿದ್ಯುದುದ್ಯಮಿ ಸ್ಯಾಮ್ಯುಯೆಲ್ ಇನ್ಸಲ್ 1898ರಲ್ಲಿ ತನ್ನ ಉದ್ಯಮವನ್ನು ಸರಕಾರವೇ ನಿಯಂತ್ರಿಸಲೆಂದು ಕೇಳಿದನು. ನಿಯಂತ್ರಣದ ನೆರಳಿನಲ್ಲಿ ಸಾಲ ಅಗ್ಗವಾಗುವುದೆಂಬುದು ಅವನ ಲೆಕ್ಕ. 1907ರಲ್ಲಿ ವಿಸ್ಕಾನ್ಸಿನ್, ನ್ಯೂಯಾರ್ಕ್ ರಾಜ್ಯಗಳು ಆಯೋಗಗಳಿಗೆ ಆ ಅಧಿಕಾರ ಕೊಟ್ಟವು. ಆಸ್ತಿಯ ಬೆಲೆ ಕಟ್ಟುವುದು ಹೇಗೆಂಬ ಜಗಳ ನ್ಯಾಯಾಲಯಗಳಲ್ಲಿ ದಶಕಗಳ ಕಾಲ ಎಳೆದಾಡಿ, 1944ರ ಹೋಪ್ ನ್ಯಾಚುರಲ್ ಗ್ಯಾಸ್ ತೀರ್ಪಿನಲ್ಲಿ, ಲೆಕ್ಕದ ವಿಧಾನಕ್ಕಿಂತ ಒಟ್ಟು ಫಲ ನ್ಯಾಯವಾಗಿದೆಯೇ ಎಂಬುದೇ ಮುಖ್ಯವೆಂಬ ನಿಲುವಿಗೆ ಬಂದು ನಿಂತಿತು.

ನಮ್ಮ ಕ್ರಮದಲ್ಲಿ ಬಂಡವಾಳದ ನೂರು ರೂಪಾಯಿಯಲ್ಲಿ ಎಪ್ಪತ್ತು ಸಾಲ, ಮೂವತ್ತು ಸ್ವಂತದ್ದೆಂದು ಹಿಡಿಯುವುದು ವಾಡಿಕೆ. ಸಾಲದ ಬಡ್ಡಿ, ಆಸ್ತಿಯ ಸವಕಳಿ, ನಿರ್ವಹಣೆಯ ಖರ್ಚು, ಸ್ವಂತ ಬಂಡವಾಳದ ಮೇಲೆ ಪ್ರತಿಫಲ ಇವು ಕೂಡಿ ದರವಾಗುತ್ತವೆ. ಕೇಂದ್ರದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಬಹುಕಾಲ ಶೇಕಡಾ 15.5ರ ಪ್ರತಿಫಲ ಕೊಟ್ಟು, 2024ರಿಂದ ಹೊಸ ಪ್ರಸರಣ ಮಾರ್ಗಗಳಿಗೆ ಅದನ್ನು ಶೇಕಡಾ 15ಕ್ಕೆ ಇಳಿಸಿತು. ಹಣ ಹೂಡುವವನ ಭಯವನ್ನು ಕಳೆಯುವುದು ಈ ಕ್ರಮದ ಗುಣ. ಅದರ ದೋಷವನ್ನು 1962ರಲ್ಲಿ ಹಾರ್ವೆ ಆವರ್ಚ್, ಲೆಲೆಂಡ್ ಜಾನ್ಸನ್ ಎಂಬ ಅರ್ಥಶಾಸ್ತ್ರಜ್ಞರು ಗಣಿತದಿಂದ ತೋರಿಸಿದರು: ಹೂಡಿದಷ್ಟಕ್ಕೂ ಲಾಭ ದೊರೆಯುವುದಾದರೆ, ಬಡ್ಡಿಗಿಂತ ಆ ಲಾಭ ಹೆಚ್ಚಾಗಿರುವಾಗ, ಕಂಪನಿಯು ಅಗತ್ಯಕ್ಕಿಂತ ಹೆಚ್ಚು ಹೂಡುತ್ತದೆ.

ಈ ಸಿದ್ಧಾಂತವನ್ನು ಸಿಂಧನೂರಿಗೆ ತಂದು ನಿಲ್ಲಿಸಿದರೆ ಅದು ಅರ್ಧ ಮಾತ್ರ ಹೊಂದುತ್ತದೆ. ಲಾಭಕ್ಕಾಗಿ ಅತಿಯಾಗಿ ಹೂಡುವ ಷೇರುದಾರ ಇಲ್ಲಿಲ್ಲ, ಒಡೆತನ ಸರಕಾರದ್ದು. ಸಂಚಿತ ನಷ್ಟವು ಸ್ವಂತ ಬಂಡವಾಳವನ್ನೇ ನುಂಗಿದ್ದಲ್ಲಿ ಪ್ರತಿಫಲವನ್ನು ಲೆಕ್ಕ ಹಾಕಲು ಮೂಲಧನವೇ ಉಳಿಯದು. ಆದರೂ ಅನವಶ್ಯ ಹೂಡಿಕೆ ಆಗುವುದುಂಟು. ಅದರ ಪ್ರೇರಣೆ ಬೇರೆ. ಅನುದಾನ ಬಂದ ವರ್ಷ ಅನುದಾನ ಯಾವುದಕ್ಕೆ ಬಂತೋ ಆ ಕೆಲಸ ನಡೆಯುತ್ತದೆ. ಗುತ್ತಿಗೆ ಕೊಡಲು ಸುಲಭವಾದ ಕೆಲಸ ಮುಂದಕ್ಕೆ ಬರುತ್ತದೆ. ಪ್ರಭಾವವಿದ್ದ ಊರಿಗೆ ಕಂಬ ಮೊದಲು ಹೋಗುತ್ತದೆ. ಇದಕ್ಕೆ ಪ್ರತಿಯಾಗಿ ಕರ್ನಾಟಕದ ಆಯೋಗ ರೂಢಿಸಿಕೊಂಡಿರುವ ಉಪಾಯವೇ ವಿವೇಕ ಪರಿಶೀಲನೆ. ಪೂರ್ಣಗೊಂಡ ಕಾಮಗಾರಿಗಳಲ್ಲಿ ಆಯ್ದ ಕೆಲವನ್ನು ಹೊರಗಿನ ತಜ್ಞರಿಂದ ನೋಡಿಸಿ, ಉದ್ದೇಶ ಈಡೇರದ ಕಾಮಗಾರಿಯ ವೆಚ್ಚದ ಭಾರವು ದರಕ್ಕೆ ಸೇರದಂತೆ ತಡೆಯುವ ಈ ಪದ್ಧತಿಯನ್ನು ನಾನು ಮನಃಪೂರ್ವಕವಾಗಿ ಗೌರವಿಸುತ್ತೇನೆ. ಆದರೆ ಒಂದು ಮಿತಿಯನ್ನು ಹೇಳದೆ ಇರಲಾರೆ. ಮಾಡಿದ ಕೆಲಸ ವಿವೇಕಯುತವೇ ಎಂದು ಅದು ಕೇಳುತ್ತದೆ. ಮಾಡದೆ ಬಿಟ್ಟ ಕೆಲಸ ಅದರ ಕಣ್ಣಿಗೆ ಬೀಳುವುದಿಲ್ಲ. ಹಳ್ಳದ ದಂಡೆಯ ಎರಡನೆಯ ಪೆಟ್ಟಿಗೆ ಯಾವ ಪಟ್ಟಿಯಲ್ಲಿಯೂ ಇಲ್ಲ. ಇಲ್ಲದುದನ್ನು ಪರಿಶೀಲಿಸುವುದು ಹೇಗೆ?

ಮಿತಿಯ ಕಟ್ಟು

ಎರಡನೆಯ ಪಂಥ ಬ್ರಿಟನ್ನಿನದು. 1983ರಲ್ಲಿ ಸ್ಟೀಫನ್ ಲಿಟಲ್‌ಚೈಲ್ಡ್ ಎಂಬ ಪಂಡಿತರು ಅಲ್ಲಿಯ ದೂರವಾಣಿ ಕಂಪನಿಗಾಗಿ ಸೂಚಿಸಿದ ಸೂತ್ರ, 1990ರಲ್ಲಿ ವಿದ್ಯುದುದ್ಯಮ ಖಾಸಗಿಯಾದಾಗ ತಂತಿಗಳಿಗೂ ಅನ್ವಯಿಸಿತು. ಬೆಲೆಯೇರಿಕೆಯ ಸೂಚ್ಯಂಕದಿಂದ ಒಂದು ನಿಗದಿತ ಅಂಶ ಕಳೆದು, ಕೆಲವು ವರ್ಷಗಳಿಗೆ ದರದ ಮಿತಿ ಕಟ್ಟಿಬಿಡುವುದು. ಆ ಮಿತಿಯೊಳಗೆ ಕಂಪನಿ ಎಷ್ಟು ಉಳಿಸಿದರೂ ಅದು ಅದರದೇ. ದಕ್ಷತೆಗೆ ಬಹುಮಾನ ದೊರೆಯುವ ಈ ಕ್ರಮದಲ್ಲಿ ಉಳಿತಾಯವು ದಕ್ಷತೆಯಿಂದ ಬಂದುದೋ, ಮಾಡಬೇಕಾದುದನ್ನು ಮಾಡದೆ ಬಿಟ್ಟುದರಿಂದ ಬಂದುದೋ ತಿಳಿಯುವುದು ಕಷ್ಟ. ಆ ಅನುಭವದಿಂದ ಕಲಿತ ಬ್ರಿಟಿಷ್ ನಿಯಂತ್ರಕರು 2013ರಿಂದ, ವೆಚ್ಚಕ್ಕಿಂತ ಫಲವನ್ನು ಅಳೆಯುವ ಹೊಸ ವಿಧಾನಕ್ಕೆ ತಿರುಗಿದರು: ಗ್ರಾಹಕನಿಗೆ ಎಷ್ಟು ನಿಮಿಷ ವಿದ್ಯುತ್ ತಪ್ಪಿತು, ಹೊಸ ಸಂಪರ್ಕ ಎಷ್ಟು ದಿನದಲ್ಲಿ ದೊರೆಯಿತು ಎಂಬುವೇ ಅಲ್ಲಿ ಆದಾಯವನ್ನು ಹೆಚ್ಚಿಸುವ, ತಗ್ಗಿಸುವ ಅಂಶಗಳು.

ನಮ್ಮ ಆಯೋಗವು 2006ರಲ್ಲಿ ಬಹುವರ್ಷ ದರನಿರ್ಣಯದ ನಿಯಮಗಳನ್ನು ತಂದಾಗ ಈ ಪಂಥದ ಗಾಳಿ ಸೋಂಕಿತ್ತು. ಆದರೆ ಪ್ರತಿವರ್ಷದ ನಿಜವೆಚ್ಚವನ್ನು ಮತ್ತೆ ಪರಿಷ್ಕರಿಸುವ ರೂಢಿ ಉಳಿದಿರುವುದರಿಂದ, ಮಿತಿಯ ಕಟ್ಟು ಇಲ್ಲಿ ಸಡಿಲವಾಗಿಯೇ ಇದೆ. ಫಲವನ್ನು ಅಳೆಯಬೇಕೆಂಬ ತತ್ತ್ವವಾದರೋ ನನಗೆ ಬಹಳ ಹಿಡಿಸಿದುದು. ಸಿಂಧನೂರಿನ ರೈತನಿಗೆ ಈ ತತ್ತ್ವವನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಕಾಲುವೆಯ ಯೋಗ್ಯತೆಯನ್ನು ಅವನು ಜಲಾಶಯದ ಮಟ್ಟದಿಂದ ಅಳೆಯುವುದಿಲ್ಲ. ಕೆಳಭಾಗದ ಕೊನೆಯ ತೂಬಿನಲ್ಲಿ ಎಷ್ಟು ಗೇಣು ನೀರು ನಿಂತಿತೆಂಬುದರಿಂದ ಅಳೆಯುತ್ತಾನೆ. ಮೇಲ್ಭಾಗದವರು ಭತ್ತ ಬೆಳೆದು ಕೆಳಭಾಗದವರಿಗೆ ನೀರು ಮುಟ್ಟದ ಕಷ್ಟವನ್ನು ಅವನು ತಲೆಮಾರಿನಿಂದ ಕಂಡವನು. ಫೀಡರಿನ ಮೇಲ್ಭಾಗದಲ್ಲಿ 415 ವೋಲ್ಟು ಇದ್ದು ತುದಿಯಲ್ಲಿ ಮೋಟಾರು ಗೊಣಗಿ ನಿಲ್ಲುವಾಗ, ಅದು ಅದೇ ರೋಗದ ಇನ್ನೊಂದು ರೂಪವೆಂದು ಅವನಿಗೆ ಯಾರೂ ಹೇಳಿಕೊಡಬೇಕಿಲ್ಲ.

ಹರಾಜಿನ ಮಾರ್ಗ, ಮತ್ತು ರಾಯಚೂರಿನ ಎರಡು ತಂತಿಗಳು

ಮೂರನೆಯ ಪಂಥ ಹರಾಜಿನದು. ಹೆರಾಲ್ಡ್ ಡೆಮ್ಸೆಟ್ಸ್ ಎಂಬ ಅರ್ಥಶಾಸ್ತ್ರಜ್ಞ 1968ರಲ್ಲಿ ಎತ್ತಿದ ಪ್ರಶ್ನೆ ಬುಡಮಟ್ಟದ್ದು: ತಂತಿ ಒಂದೇ ಇರಬೇಕೆಂದಮಾತ್ರಕ್ಕೆ ಅದನ್ನು ಕಟ್ಟುವ ಹಕ್ಕಿಗಾಗಿ ಸ್ಪರ್ಧೆ ಏಕಿರಬಾರದು? ಬೀದಿಯಲ್ಲಿ ಸ್ಪರ್ಧೆ ಸಾಧ್ಯವಿಲ್ಲದಿದ್ದರೆ ಬೀದಿಗಾಗಿ ಸ್ಪರ್ಧೆ ನಡೆಯಲಿ. ಕಡಿಮೆ ದರ ಕೂಗಿದವನು ಕಟ್ಟಲಿ. ವೆಚ್ಚದ ಲೆಕ್ಕವನ್ನು ಕೆದಕುವ ನಿಯಂತ್ರಕನ ಶ್ರಮವೇ ಉಳಿಯುವುದು. 2003ರ ಕಾಯಿದೆಯ 62ನೆಯ ಪ್ರಕರಣ ಆಯೋಗ ದರ ಕಟ್ಟುವ ಹಳೆಯ ದಾರಿಯನ್ನೂ, 63ನೆಯ ಪ್ರಕರಣ ಹರಾಜಿನಿಂದ ಬಂದ ದರವನ್ನು ಅಂಗೀಕರಿಸುವ ಈ ಹೊಸ ದಾರಿಯನ್ನೂ ತೆರೆದಿಟ್ಟಿವೆ. 2011ರ ಜನವರಿಯಿಂದ ಅಂತರರಾಜ್ಯ ಪ್ರಸರಣಕ್ಕೆ ಹರಾಜೇ ಸಾಮಾನ್ಯ ನಿಯಮವಾಯಿತು.

ಈ ಎರಡು ದಾರಿಗಳನ್ನು ಒಟ್ಟಿಗೆ ನೋಡಬಯಸುವವನು ದೂರ ಹೋಗಬೇಕಾಗಿಲ್ಲ. ನಮ್ಮ ರಾಯಚೂರಿಗೇ ಬರಬಹುದು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ನಡುವಣ 765 ಕೆ.ವಿ. ಮಾರ್ಗ ಚಾಲನೆಗೊಂಡಾಗ, ಅದುವರೆಗೆ ಬೇರೆಯಾಗಿ ಮಿಡಿಯುತ್ತಿದ್ದ ದಕ್ಷಿಣ ಭಾರತದ ಜಾಲವು ಉಳಿದ ಭಾರತದ ಜಾಲದೊಡನೆ ಒಂದೇ ತಾಳಕ್ಕೆ ಸೇರಿತು. ಇಡೀ ದೇಶ ಒಂದೇ ಜಾಲವಾದ ಆ ಕ್ಷಣದ ಗಂಟು ಬಿದ್ದುದು ನಮ್ಮ ಜಿಲ್ಲೆಯಲ್ಲಿ. ಇನ್ನೂರು ಕಿಲೋಮೀಟರಿಗೂ ಮಿಕ್ಕಿದ ಆ ದೂರಕ್ಕೆ ಎರಡು ಮಾರ್ಗಗಳಿವೆ. ಮೊದಲನೆಯದನ್ನು ಕಟ್ಟಿದುದು ಸಾರ್ವಜನಿಕ ಸಂಸ್ಥೆಯಾದ ಪವರ್‌ಗ್ರಿಡ್, ವೆಚ್ಚವನ್ನು ಎಣಿಸುವ ಹಳೆಯ ಕ್ರಮದಲ್ಲಿ. 2014ರಲ್ಲಿ ಚಾಲನೆಗೊಂಡ ಎರಡನೆಯದನ್ನು ಕಟ್ಟಿದುದು ಹರಾಜಿನಲ್ಲಿ ಗೆದ್ದ ಖಾಸಗಿಯವರ ರಾಯಚೂರು ಶೋಲಾಪುರ ಟ್ರಾನ್ಸ್‌ಮಿಷನ್ ಕಂಪನಿ. ಒಂದೇ ನೆಲ, ಒಂದೇ ಒತ್ತಡ, ಒಂದೇ ಗಮ್ಯ. ಬಂಡವಾಳದ ನ್ಯಾಯ ಮಾತ್ರ ಬೇರೆ ಬೇರೆ. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇರೆ ಸಿಕ್ಕೀತೆಂದು ನನಗೆ ತೋರದು.

ಆದರೆ ಹರಾಜು ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು ಎಂಬುದೂ ಇದೇ ಪಾಠದ ಭಾಗ. ಆರಂಭದ ಬಿಂದು, ಕೊನೆಯ ಬಿಂದು, ಹೊರಬೇಕಾದ ಭಾರ ಇವು ಮೂರೂ ಮೊದಲೇ ಖಚಿತವಾಗಿರುವ ದೊಡ್ಡ ಮಾರ್ಗವನ್ನು ಕಾಗದದ ಮೇಲೆ ವರ್ಣಿಸಿ ಹರಾಜಿಗಿಡಬಹುದು. ಮಸ್ಕಿಯ ಹಳ್ಳದ ದಂಡೆಯಲ್ಲಿ ಮುಂದಿನ ವರ್ಷ ಎಷ್ಟು ಪಂಪು ಬರುವುವು, ಯಾವ ಕೊಳವೆಬಾವಿ ಬತ್ತುವುದು, ಭತ್ತದ ಬದಲಿಗೆ ಹತ್ತಿ ಬಿತ್ತುವವರು ಯಾರು ಎಂಬುದನ್ನು ಯಾವ ಕರಾರೂ ಮುಂಗಂಡು ಬರೆಯಲಾರದು. ವಿತರಣೆಯನ್ನೇ ಖಾಸಗಿಗೆ ಒಪ್ಪಿಸಿದ ಒಡಿಶಾದ ಕಥೆ ಇಲ್ಲಿ ಎಚ್ಚರಿಕೆಯಾಗಿದೆ. 1999ರಲ್ಲಿ ಕಂಪನಿಗಳು ಬಂದವು. ಅದೇ ವರ್ಷದ ಮಹಾಚಂಡಮಾರುತ ಕರಾವಳಿಯ ಜಾಲವನ್ನು ಕೆಡವಿತು. 2001ರಲ್ಲಿ ಒಂದು ಕಂಪನಿ ಕೈಬಿಟ್ಟು ಹೋಯಿತು. 2015ರಲ್ಲಿ ಉಳಿದವುಗಳ ಪರವಾನಗಿ ರದ್ದಾಯಿತು. 2020ರಿಂದ ಮತ್ತೆ ಖಾಸಗಿಯ ಪ್ರವೇಶವಾಯಿತು. ದೆಹಲಿಯಲ್ಲಿ 2002ರ ಖಾಸಗೀಕರಣದ ತರುವಾಯ ನಷ್ಟ ಬಹಳ ತಗ್ಗಿದುದೂ ನಿಜ. ನಗರಕ್ಕೆ ಒಪ್ಪಿದುದು ಗದ್ದೆಗೆ ಒಪ್ಪುವುದೆಂದು ಊಹಿಸಲು ಆಧಾರ ಸಾಲದು.

ಸರಕಾರದ ಹಸ್ತ

ಕಂಬವು ಹಳ್ಳಿಗೆ ಬಂದುದು ಲಾಭದ ಲೆಕ್ಕದಿಂದಲ್ಲ, ಸರಕಾರದ ಸಂಕಲ್ಪದಿಂದ ಎಂಬುದು ನಾಲ್ಕನೆಯ ಪಂಥದ ಮೂಲವಾಕ್ಯ. ಚರಿತ್ರೆ ಅದರ ಪರವಾಗಿದೆ. 2005ರ ರಾಜೀವ್ ಗಾಂಧಿ ಗ್ರಾಮೀಣ ವಿದ್ಯುದೀಕರಣ ಯೋಜನೆ, ಕೃಷಿಯ ಫೀಡರನ್ನು ಮನೆಗಳ ಫೀಡರಿನಿಂದ ಬೇರ್ಪಡಿಸಿದ ನಮ್ಮ ರಾಜ್ಯದ ನಿರಂತರ ಜ್ಯೋತಿ, 2017ರ ಸೌಭಾಗ್ಯ, 2021ರಲ್ಲಿ ಘೋಷಿತವಾದ 3,03,758 ಕೋಟಿ ರೂಪಾಯಿಗಳ ವಿತರಣಾ ಪುನಶ್ಚೇತನ ಯೋಜನೆ ಇವೆಲ್ಲವೂ ಈ ಸಾಲಿನವು. ಫೀಡರುಗಳು ಬೇರೆಯಾದುದರಿಂದ, ಪಂಪುಗಳ ಕರೆಂಟು ನಿಂತಾಗಲೂ ಮನೆಯ ದೀಪ ಉರಿಯುವಂತಾಯಿತು. ಸಂಜೆ ಓದುವ ಮಕ್ಕಳ ಮನೆಗಳಲ್ಲಿ ಅದರ ಬೆಲೆಯನ್ನು ಕಂಡವರು ಆ ಹೂಡಿಕೆಯ ಬಗ್ಗೆ ಹಗುರವಾಗಿ ಮಾತಾಡಲಾರರು.

ಈ ಪಂಥದ ಒಳಗಡೆ ಅಡಗಿರುವ ಒಂದು ತೊಡಕು ಸಾರ್ವಜನಿಕ ಚರ್ಚೆಯಲ್ಲಿ ಬರುವುದೇ ವಿರಳವಾದುದರಿಂದ ಅದನ್ನು ತುಸು ಬಿಡಿಸಿ ಹೇಳಬೇಕು. ಅನುದಾನದ ಹಣದಿಂದಲೋ ಗ್ರಾಹಕನ ವಂತಿಗೆಯಿಂದಲೋ ಕಟ್ಟಿದ ಆಸ್ತಿಯ ಮೇಲೆ ಕಂಪನಿಗೆ ಪ್ರತಿಫಲವೂ ಇಲ್ಲ, ಸವಕಳಿಯೂ ಇಲ್ಲ. ತತ್ತ್ವದಲ್ಲಿ ಇದು ಸರಿಯೇ. ತಾನು ಹಾಕದ ಹಣಕ್ಕೆ ಬಡ್ಡಿ ಕೇಳುವ ಹಕ್ಕು ಯಾರಿಗೂ ಇಲ್ಲ. ಆದರೆ ಸವಕಳಿಯೆಂಬುದು ಹಳೆಯ ಯಂತ್ರ ಸತ್ತ ದಿನ ಹೊಸದನ್ನು ಕೊಳ್ಳಲು ಆಸರೆಯಾಗುವ ಗಂಟು. ಅನುದಾನದ ಪೆಟ್ಟಿಗೆ ಹದಿನೈದು ವರ್ಷಗಳ ಬಳಿಕ ಸುಟ್ಟರೆ ಅಂತಹ ಗಂಟು ಎಲ್ಲಿಯೂ ಇರುವುದಿಲ್ಲ. ಇನ್ನೊಂದು ಯೋಜನೆ ಘೋಷಿತವಾಗುವ ತನಕ ದುರಸ್ತಿಯ ಮೇಲೆ ದುರಸ್ತಿಯಾಗುತ್ತದೆ. ಕಟ್ಟುವುದಕ್ಕೆ ಹಬ್ಬವೂ ಕಾಯುವುದಕ್ಕೆ ಬರವೂ ಇರುವ ಈ ಸ್ಥಿತಿಗೆ ಅಧಿಕಾರಿಗಳ ಆಲಸ್ಯವನ್ನು ಮಾತ್ರ ಕಾರಣವೆನ್ನುವುದು ಅನ್ಯಾಯ. ಲೆಕ್ಕದ ನಿಯಮದಲ್ಲಿಯೇ ಅದರ ಬೀಜವಿದೆ.

ಕಾಣದ ಲೆಕ್ಕ

1971ರಲ್ಲಿ ಜಾರ್ಜ್ ಸ್ಟಿಗ್ಲರ್, ನಿಯಂತ್ರಣವೆಂಬುದು ಕಾಲಕ್ರಮದಲ್ಲಿ ಬಲಿಷ್ಠರ ಹಿತಕ್ಕೆ ಒಲಿಯುತ್ತದೆಂದು ವಾದಿಸಿದರು. ಅವರ ದೃಷ್ಟಿಯಲ್ಲಿದ್ದುದು ಉದ್ಯಮಪತಿಗಳು. ನಮ್ಮಲ್ಲಿ ಬಲ ಹಂಚಿಹೋಗಿರುವ ಬಗೆ ಬೇರೆ. 2008ರಿಂದ ಹತ್ತು ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟುಗಳಿಗೆ ವಿದ್ಯುತ್ತು ಉಚಿತ. ಅದರ ಬೆಲೆಯನ್ನು 2003ರ ಕಾಯಿದೆಯ 65ನೆಯ ಪ್ರಕರಣದಂತೆ ಸರಕಾರ ಮುಂಗಡವಾಗಿ ತುಂಬಿಕೊಡತಕ್ಕದ್ದು. ಬಹುತೇಕ ಪಂಪುಗಳಿಗೆ ಮೀಟರಿಲ್ಲದುದರಿಂದ ಬಳಕೆಯನ್ನು ಫೀಡರಿನ ಅಳತೆಯಿಂದ ಅಂದಾಜು ಮಾಡಬೇಕು. ರಾಜ್ಯದ ವಿದ್ಯುತ್ತಿನ ಮೂರರಲ್ಲೊಂದು ಪಾಲಿನಷ್ಟನ್ನು ಹೀರುವ ವರ್ಗವೊಂದರ ಬಳಕೆ ಅಂದಾಜಾಗಿದ್ದರೆ, ನಷ್ಟವೂ ಅಂದಾಜೇ. ಪಂಪು ಕುಡಿದುದೆಷ್ಟು, ತಂತಿ ಸುಟ್ಟುದೆಷ್ಟು, ಕದ್ದುದೆಷ್ಟು ಎಂಬುದು ಒಂದರೊಳಗೊಂದು ಬೆರೆತುಹೋಗುತ್ತದೆ.

ಬಂಡವಾಳದ ಪ್ರಶ್ನೆಗೆ ಇದರಿಂದ ಆಗುವ ಪೆಟ್ಟನ್ನು ಒಂದು ಉದಾಹರಣೆಯಿಂದ ತೋರಿಸುತ್ತೇನೆ. ಕಿಲೋಮೀಟರು ದೂರ 400 ವೋಲ್ಟಿನ ತಂತಿ ಎಳೆದು ಹದಿನಾರು ಪಂಪು ನಡೆಸುವ ಬದಲು, 11,000 ವೋಲ್ಟಿನ ತಂತಿಯನ್ನು ಹೊಲದವರೆಗೂ ಒಯ್ದು, 25 ಕೆ.ವಿ.ಎ.ಯ ಸಣ್ಣ ಪೆಟ್ಟಿಗೆಗಳನ್ನು ನಾಲ್ಕಾರು ಕಡೆ ನಿಲ್ಲಿಸುವ ವಿಧಾನವುಂಟು. ಅಷ್ಟೇ ಶಕ್ತಿಗೆ ಕರೆಂಟು ಇಪ್ಪತ್ತೇಳೂವರೆ ಪಾಲು ಕಡಿಮೆಯಾಗಿ, ಅದೇ ತಂತಿಯಲ್ಲಿ ಶಾಖವಾಗಿ ಹೋಗುವ ನಷ್ಟ ಸುಮಾರು ಏಳುನೂರೈವತ್ತರಲ್ಲಿ ಒಂದಾಗುತ್ತದೆ. ತುದಿಯ ವೋಲ್ಟೇಜು ನಿಲ್ಲುತ್ತದೆ. ಒಂದು ಪೆಟ್ಟಿಗೆ ಸುಟ್ಟರೆ ಮೂರು ನಾಲ್ಕು ಪಂಪುಗಳಷ್ಟೇ ನಿಲ್ಲುತ್ತವೆ. ತಮ್ಮದೆಂಬ ಭಾವದಿಂದ ಆ ನಾಲ್ವರು ಅದನ್ನು ಕಾಯುತ್ತಾರೆ. ಖರ್ಚು ಹೆಚ್ಚು. ಆ ಹೆಚ್ಚಿನ ಖರ್ಚು ಎಷ್ಟು ವರ್ಷಗಳಲ್ಲಿ ಹುಟ್ಟುವಳಿಯಾಗುವುದೆಂದು ಹೇಳಬೇಕಾದರೆ, ಮೊದಲು ಆಗುತ್ತಿದ್ದ ನಷ್ಟವೆಷ್ಟೆಂದು ತಿಳಿದಿರಬೇಕು. ತಿಳಿಯಲು ಟಿ.ಸಿ.ಯ ಮೇಲೆ ಮೀಟರು ಬೇಕು. ರೈತನ ಬಿಲ್ಲಿಗಾಗಿ ಅಲ್ಲ. ಉಚಿತವಾದುದು ಉಚಿತವಾಗಿಯೇ ಇರಲಿ. ಅವನ ಹೊಲಕ್ಕೆ ಸಲ್ಲಬೇಕಾದ ಹೂಡಿಕೆಯನ್ನು ಸಾಕ್ಷ್ಯದೊಡನೆ ಕೇಳುವುದಕ್ಕಾಗಿ. ಎಲ್ಲ ಪಂಥಗಳನ್ನೂ ಓದಿದ ಬಳಿಕ ನನ್ನ ಮನಸ್ಸು ಬಂದು ನಿಂತಿರುವುದು ಈ ಸಣ್ಣ ವಸ್ತುವಿನ ಬಳಿ: ಪ್ರತಿ ಪೆಟ್ಟಿಗೆಯ ಮೇಲೊಂದು ಮೀಟರು, ಪ್ರತಿ ಫೀಡರಿನ ತುದಿಯಲ್ಲಿ ವೋಲ್ಟೇಜಿನ ದಾಖಲೆ. ಅದಿಲ್ಲದೆ ವೆಚ್ಚದ ಪಂಥಕ್ಕೂ ಕಣ್ಣಿಲ್ಲ, ಫಲದ ಪಂಥಕ್ಕೂ ತಕ್ಕಡಿಯಿಲ್ಲ. ಮೀಟರೆಂದೊಡನೆ ನಾಳೆ ಬಿಲ್ಲು ಬರುವುದೆಂದು ಹಳ್ಳಿ ಶಂಕಿಸುತ್ತದೆ. ಆ ಶಂಕೆ ನಿರಾಧಾರವೆಂದು ನಾನು ಹೇಳಲಾರೆ. ಅದನ್ನು ನಿವಾರಿಸುವ ಹೊಣೆ ಸರಕಾರದ್ದು, ರೈತನದ್ದಲ್ಲ.

ಇನ್ನೂ ತೀರದ ಪ್ರಶ್ನೆಗಳು

ಇಷ್ಟು ವಾದಗಳಾದ ಮೇಲೂ ನಿರ್ಣಯ ಕಾಣದವು ಹಲವಿವೆ. ತುದಿಯ ಗ್ರಾಹಕನಿಗೆ ಎಳೆಯುವ ತಂತಿಯ ಖರ್ಚನ್ನು ಅವನಿಂದಲೇ ಪಡೆಯಲು ಕಾಯಿದೆಯ 46ನೆಯ ಪ್ರಕರಣ ಅವಕಾಶ ಕೊಡುತ್ತದೆ. ಕೇಳಿದವರಿಗೆಲ್ಲ ಸಂಪರ್ಕ ಕೊಡಬೇಕೆಂದು 43ನೆಯ ಪ್ರಕರಣ ವಿಧಿಸುತ್ತದೆ. ಎರಡರ ನಡುವೆ ಬಡ ರೈತನ ಪಾಲು ಎಷ್ಟೆಂಬುದು ನೀತಿಯ ಏರಿಳಿತಕ್ಕೆ ಬಿಟ್ಟ ಮಾತಾಗಿಯೇ ಉಳಿದಿದೆ. ಅನುದಾನದ ಆಸ್ತಿಗೆ ಬದಲಿ ನಿಧಿಯೊಂದನ್ನು ದರದಲ್ಲಿ ಸೇರಿಸಬಹುದೇ, ಸೇರಿಸಿದರೆ ಗ್ರಾಹಕನು ಒಂದೇ ವಸ್ತುವಿಗೆ ತೆರಿಗೆಯಿಂದೊಮ್ಮೆ ದರದಿಂದೊಮ್ಮೆ ಹಣ ಕೊಟ್ಟಂತಾಗದೇ ಎಂಬುದಕ್ಕೆ ಸಮಾಧಾನಕರವಾದ ಉತ್ತರವನ್ನು ನಾನು ಎಲ್ಲಿಯೂ ಓದಿಲ್ಲ.

ನೀರಿನ ಪ್ರಶ್ನೆಯೂ ಇದರೊಡನೆ ಹೆಣೆದುಕೊಂಡಿದೆ. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನಲ್ಲಿ ರೈತರು ದೀರ್ಘಕಾಲ ಧರಣಿ ಕುಳಿತಾಗ, ಅವರು ಕೇಳಿದ್ದು ತಾನಾಗಿ ಹರಿದು ಬರುವ ನೀರನ್ನು. ಏತ ನೀರಾವರಿಯಾದರೆ ನೀರಿನ ಹಿಂದೆ ತಂತಿಯೂ ಬರಬೇಕು, ತಂತಿ ಸೋತ ದಿನ ಕಾಲುವೆಯೂ ಸೋಲುವುದು. ಏತದ ಯೋಜನೆಯ ವೆಚ್ಚದಲ್ಲಿ ಆ ತಂತಿಯ ಆಯುಷ್ಯದ ಖರ್ಚನ್ನು ಪೂರ್ತಿ ಎಣಿಸಬೇಕಾದವರು ನೀರಾವರಿ ಇಲಾಖೆಯವರೋ ವಿದ್ಯುತ್ ನಿಯಂತ್ರಕರೋ?

ಕೊನೆಯದು ಸೂರ್ಯನದು. ಕುಸುಮ್ ಯೋಜನೆಯಡಿ ಉಪಕೇಂದ್ರದ ಪಕ್ಕದಲ್ಲಿಯೇ ಸೌರಘಟಕ ನಿಲ್ಲಿಸಿ, ಕೃಷಿ ಫೀಡರಿಗೆ ಹಗಲಿನಲ್ಲಿಯೇ ಏಳು ಗಂಟೆ ವಿದ್ಯುತ್ ಕೊಡುವ ಪ್ರಯತ್ನ ನಡೆದಿದೆ. ರಾತ್ರಿ ಟಾರ್ಚು ಹಿಡಿದು ಹಾವು ಚೇಳಿನ ನಡುವೆ ಮೋಟಾರಿಗಾಗಿ ಕಾಯುವ ಕಷ್ಟ ತಪ್ಪಿದರೆ ಅದೊಂದೇ ದೊಡ್ಡ ಪುಣ್ಯ. ಆದರೆ ಫೀಡರುಗಳ ಪಂಪುಗಳೆಲ್ಲವೂ ಹಗಲಿನ ಅದೇ ಗಂಟೆಗಳಲ್ಲಿ ಒಟ್ಟಿಗೆ ಎದ್ದರೆ, ಹಳ್ಳದ ದಂಡೆಯ ಆ 63 ಕೆ.ವಿ.ಎ. ಪೆಟ್ಟಿಗೆಯ ಮೇಲಿನ ಭಾರ ಇಳಿಯುವುದೋ ಏರುವುದೋ? ಮತ್ತು ಮೂವತ್ತು ವರ್ಷಗಳ ಆಯುಷ್ಯವನ್ನು ಎಣಿಸಿ ಇಂದು ಎಳೆದ ತಂತಿ, ಹೊಲಹೊಲದಲ್ಲಿಯೂ ಸೌರಪಂಪು ಬಂದ ದಿನ ಯಾರ ಲೆಕ್ಕದಲ್ಲಿ ನಷ್ಟವಾಗಿ ನಿಲ್ಲುವುದು?